ಅತ್ತೆಯ ನಾಲಿಗೆ, ನನ್ನ ಅಂಕಣ

ಸೆಪ್ಟೆಂಬರ್ ೧, ಸೋಮವಾರ

ಗುಟ್ಟು ರಟ್ಟಾಯಿತು. ಮೂರು ವಾರದಿಂದ ಜೋಪಾನ ಮಾಡಿಕೊಂಡು ಬಂದದ್ದನ್ನು ಒಂದು ಪಾತ್ರೆ ಹಾಲು ಬಯಲು ಮಾಡಿತು. ನಾನು ಅಡುಗೆಮನೆಯಲ್ಲೇ ಒಲೆಗೆ ಬೆನ್ನು ಹಾಕಿ ಪತ್ರಿಕೆ ಓದುತ್ತ ಕೂತಿದ್ದೆ. ಹಾಲು ಉಕ್ಕಿ, ಬತ್ತಿ, ತಳ ಹೊತ್ತಿ ಕರಿ ಹಿಡಿಯಿತು. ಆ ವಾಸನೆ ಆಚೆಯ ಕೋಣೆಯಲ್ಲಿ ಮಲಗಿದ್ದ ಅತ್ತೆಯನ್ನು ಎಬ್ಬಿಸಿಕೊಂಡು ಬಂತು, ನನ್ನನ್ನು ಮಾತ್ರ ತಲುಪಲಿಲ್ಲ. ಅತ್ತೆ ಒಲೆ ಆರಿಸಿದರು, ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದುಡಿದು ಹೆಡ್ ನರ್ಸಾಗಿ ನಿವೃತ್ತರಾದವರು. ಅವರು ಬೈಯದೆ ಸುಮ್ಮನಾದರೆಂದರೆ ಎದುರಿಗಿರುವವರಿಗೆ ಏನೋ ಕಾಯಿಲೆ ಇದೆ ಎಂದೇ ಅರ್ಥ.

ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಒಂದೊಂದೇ ಹಿಡಿದರು. ಕಾಫಿ ಪುಡಿ, ಹೆಚ್ಚಿದ ಈರುಳ್ಳಿ, ಸೋಪು, ಕೊನೆಗೆ ಅವರದೇ ಮಂಡಿನೋವಿನ ಮುಲಾಮು. ನಾಲ್ಕಕ್ಕೂ "ನೀರು" ಎಂದೆ.

ಜ್ವರ ಬಂದು ಹೋದಾಗಿನಿಂದ ಹೀಗೇ ಎಂದು ಒಪ್ಪಿಕೊಂಡೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತದೆ, ಮಿಕ್ಕ ರುಚಿಯೆಲ್ಲ ಮೂಗಿನ ಕೆಲಸ. ಆ ಮೂಗು ನಾಲ್ಕು ತಿಂಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು. ಹನ್ನೊಂದು ವರ್ಷದಿಂದ ಪತ್ರಿಕೆಯಲ್ಲಿ ಹೋಟೆಲ್ ಊಟದ ಅಂಕಣ ಬರೆದುಕೊಂಡು ಬದುಕುವವಳಿಗೆ ಇದನ್ನು ಹೇಳುವಾಗ ಪಾಪ, ಡಾಕ್ಟರು ಎರಡು ಸಲ ಕನ್ನಡಕ ಒರೆಸಿಕೊಂಡಿದ್ದರು. ಪತ್ರಿಕೆಯವರಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು. ಯಾರಿಗೂ ಹೇಳಬೇಡಿ ಎಂದು ಅತ್ತೆಯ ಕೈ ಹಿಡಿದುಕೊಂಡೆ. ಹಿಡಿದ ಮೇಲೆ ಇಬ್ಬರಿಗೂ ಮುಜುಗರವಾಗಿ ಬಿಟ್ಟೆವು.

ಅತ್ತೆಗೂ ನನಗೂ ಅಷ್ಟಕ್ಕಷ್ಟೆ. ಅವರು ಇರುವ ಕಟ್ಟಡದಲ್ಲಿ ಲಿಫ್ಟ್ ಬದಲಾಯಿಸುತ್ತಿದ್ದಾರೆ, ನಾಲ್ಕನೇ ಮಹಡಿ ಹತ್ತಲು ಮಂಡಿ ಒಪ್ಪುವುದಿಲ್ಲ, ಅದಕ್ಕೆ ಇಲ್ಲಿದ್ದಾರೆ. "ಒಂದೇ ತಿಂಗಳು, ಹೊಂದ್ಕೊಂಡು ಹೋಗು" ಎಂದು ಹೇಳಿ ನಮ್ಮ ಯಜಮಾನರು ದೂರದ ಸೇತುವೆ ಕೆಲಸಕ್ಕೆ ಹಾರಿಬಿಟ್ಟರು. ಲಿಫ್ಟ್ ಸಿದ್ಧವಾಗುವುದು ಇಪ್ಪತ್ತನೇ ತಾರೀಕಿಗೆ. ಇನ್ನು ಹತ್ತೊಂಬತ್ತು ದಿನ.

ಸೆಪ್ಟೆಂಬರ್ ೩, ಬುಧವಾರ

ಸಂಪಾದಕಿ ಫೋನ್ ಮಾಡಿದ್ದರು. ಹಳೆಯ ಟಿಪ್ಪಣಿ ಕೆದಕಿ ಎರಡು ವಾರ ತಳ್ಳಿದ್ದೆ, ಇನ್ನು ನಡೆಯುವಂತಿಲ್ಲ. ಊರಾಚೆ, ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರ ಒಂದು ಸ್ಟೀಕ್‌ಹೌಸ್ ಇದೆಯಂತೆ. ಓದುಗರು ಕಾಗದದ ಮೇಲೆ ಕಾಗದ ಬರೆಯುತ್ತಿದ್ದಾರಂತೆ. ಹೋಗಿ ಬಾ ಎಂದರು. ಹೋಗುತ್ತೇನೆ ಎಂದು ಫೋನ್ ಇಟ್ಟು ತಲೆಯ ಮೇಲೆ ಕೈ ಹೊತ್ತು ಕೂತೆ.

ಅತ್ತೆ ಸೋಫಾದಲ್ಲಿ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ತಲೆ ಎತ್ತದೆ, "ನಾನ್ ಬರ್ತೀನಿ. ತಿಂದು ಹೇಳ್ತೀನಿ, ನೀನ್ ಬರ್ಕೋ" ಎಂದರು. ನಗು ಬಂತು. ಆಸ್ಪತ್ರೆಯ ಗಂಜಿಯ ಮೇಲೆ ಬಾಳಿದವರು ಸ್ಟೀಕಿನ ಬಗ್ಗೆ ಏನು ಹೇಳಿಯಾರು? ಸಂಜೆಯ ಹೊತ್ತಿಗೆ ನಗು ಇಳಿಯಿತು. ನನಗೆ ಬೇರೆ ದಾರಿ ಎಲ್ಲಿದೆ?

ಅಂಕಣದ ನಿಯಮ ವಿವರಿಸಿದೆ. ನಾವು ಯಾರೆಂದು ಹೇಳಿಕೊಳ್ಳುವಂತಿಲ್ಲ. ಮೂರು ಸಲ ಉಂಡ ಮೇಲೆಯೇ ಬರೆಯುವುದು. ಕೊನೆಯ ಸಲ ಏನಾದರೂ ಕುಂದು ಕಂಡರೆ, ಅಂದು ಅವರಿಗೆ ಕೆಟ್ಟ ದಿನವಾಗಿತ್ತೇನೋ ಎಂದು ಇನ್ನೊಂದು ಸಲ ಹೋಗಿ ನೋಡಬೇಕು. ಅತ್ತೆ, "ಕುಂದು ಕಂಡ್ರೆ ಇನ್ನೊಂದ್ಸಲ, ಅಲ್ವಾ?" ಎಂದು ಔಷಧಿಯ ಪ್ರಮಾಣ ಕೇಳಿಕೊಳ್ಳುವವರ ಹಾಗೆ ಎರಡು ಬಾರಿ ಖಾತ್ರಿ ಮಾಡಿಕೊಂಡರು. ಶಿಸ್ತಿನ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಇನ್ನು ಹದಿನೇಳು ದಿನ.

ಸೆಪ್ಟೆಂಬರ್ ೪, ಗುರುವಾರ

ಬಸ್ಸಿನಲ್ಲಿ ನಲವತ್ತು ನಿಮಿಷ. ಕೊನೆಗೆ ನಾವಿಬ್ಬರು ಮತ್ತು ಡ್ರೈವರು ಮಾತ್ರ ಉಳಿದೆವು. ಒಂದು ಪಕ್ಕ ಟೈರ್ ಅಂಗಡಿ, ಇನ್ನೊಂದು ಪಕ್ಕ ಬಟ್ಟೆ ಒಗೆಯುವ ಅಂಗಡಿ, ನಡುವೆ ಇದು. ಒಳಗೆ ಒಂಬತ್ತು ಮೇಜು. ಎದೆಮಟ್ಟದ ಗೋಡೆಯ ಹಿಂದೆ ಕೆಂಡದ ಒಲೆ, ಅದರ ಮುಂದೆ ಇಕ್ಕಳ ಹಿಡಿದು ನಿಂತ ಮಾಲೀಕ. ಅವನು ಲೆಕ್ಕ ಬರೆಯುವಾಗಲೂ ಇಕ್ಕಳ ಕೆಳಗಿಡುವುದಿಲ್ಲ. ಅತ್ತೆ ಕೂತ ಐದೇ ನಿಮಿಷಕ್ಕೆ ಅವನಿಗೆ "ಇಕ್ಕಳ" ಎಂದು ಹೆಸರಿಟ್ಟರು. ಬಡಿಸುವವಳು ಅವನ ಅಕ್ಕ, ಕನ್ನಡಕವನ್ನು ಸರಪಣಿಯಲ್ಲಿ ಕೊರಳಿಗೆ ನೇತುಹಾಕಿಕೊಂಡ ನಿಧಾನಸ್ಥೆ.

ಸ್ಟೀಕ್ ಬಂತು. ಅಂಗೈಯಗಲದ ಮಾಂಸ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಸಿಪ್ಪೆಸಮೇತ ಸುಟ್ಟ ಆಲೂಗಡ್ಡೆ. ನಾನು ಚಾಕು ಹಿಡಿಯುವುದರೊಳಗೆ ಅತ್ತೆ ಹೆಬ್ಬೆರಳಿನಿಂದ ಮಾಂಸವನ್ನು ಒತ್ತಿ ಹಿಡಿದು ಬಾಯಲ್ಲೇ ಐದರವರೆಗೆ ಎಣಿಸಿದರು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಇಕ್ಕಳ ಒಲೆ ಬಿಟ್ಟು ನಮ್ಮ ಕಡೆಗೇ ಬಂದ.

"ಏನಮ್ಮಾ, ಏನ್ ನೋಡ್ತಿದ್ದೀರಿ?"

"ಕಾಲು ಊದ್ಕೊಂಡ ರೋಗಿಗಳಿಗೆ ಹೀಗೆ ಒತ್ತಿ ನೋಡ್ತಿದ್ವಿ. ಗುಳಿ ಹಾಗೇ ನಿಂತ್ರೆ ಒಳಗೆ ನೀರಿದೆ ಅಂತ. ಇದು ಬೆರಳು ತೆಗೆದ ತಕ್ಷಣ ಮೇಲೆ ಬಂತು. ಒಳಗೆ ತೆಳುಗೆಂಪು ಇರತ್ತೆ, ನೋಡು ಬೇಕಾದ್ರೆ."

ಕತ್ತರಿಸಿದರೆ ತೆಳುಗೆಂಪು. ತಾನೂ ಬೆಂದಿದೆಯೋ ಇಲ್ಲವೋ ಎಂದು ಒತ್ತಿಯೇ ನೋಡುವುದು, ಆದರೆ ಐದರವರೆಗೆ ಎಣಿಸುವಷ್ಟು ಪುರುಸೊತ್ತು ಇರುವುದಿಲ್ಲ ಎಂದ ಇಕ್ಕಳ. ಇಬ್ಬರೂ ಹೆಬ್ಬೆರಳು ಮುಂದೆ ಚಾಚಿ ಗಂಭೀರವಾಗಿ ಹೋಲಿಸಿಕೊಂಡರು. ಗುಟ್ಟಾಗಿ ಬಂದವರ ಅವಸ್ಥೆ ಇದು.

ರುಚಿ ಹೇಗಿದೆ ಎಂದು ಕೇಳಿದೆ. ಅತ್ತೆ ತುಂಬಾ ಹೊತ್ತು ಅಗಿದರು. "ಜ್ವರ ಬಿಟ್ಟ ಮಾರನೇ ದಿನ ಹಸಿವಾಗತ್ತಲ್ಲ, ಆ ಹಸಿವಿಗೆ ಸಿಕ್ಕಿದ ಊಟದ ಹಾಗಿದೆ" ಎಂದರು. ಹಾಗಲ್ಲ ಅತ್ತೆ, ಹೊಗೆಯ ರುಚಿ ಇದೆಯಾ, ಬೆಣ್ಣೆಯಲ್ಲಿ ಸೊಪ್ಪಿನ ಘಮ ಇದೆಯಾ ಎಂದರೆ, "ಅದೆಲ್ಲ ಇದೆ. ಹಾಕ್ಕೋ" ಎಂದುಬಿಟ್ಟರು. ನನ್ನ ಬಾಯಲ್ಲಿ ಉಪ್ಪು, ಬಿಸಿ ಮತ್ತು ನಾರು, ಇಷ್ಟೇ. ಸೊಗಸಾದ ಊಟದ ಮುಂದೆ ಕಿಟಕಿಯ ಆಚೆ ನಿಂತಂತೆ ಕೂತಿದ್ದೆ. ಇನ್ನು ಹದಿನಾರು ದಿನ.

ಸೆಪ್ಟೆಂಬರ್ ೬, ಶನಿವಾರ

ಬೆಳಗ್ಗೆ ಕಿತ್ತಳೆ ಸಿಪ್ಪೆ ಹಿಂಡಿ ಮೂಗಿಗೆ ಹಿಡಿದೆ. ಏನೂ ಇಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಕಣ್ಣೀರು ಹಾಕಿದೆ. ಹೊರಗೆ ಬಂದಾಗ ಮೇಜಿನ ಮೇಲೆ ಅದೇ ಹಣ್ಣು ಸುಲಿದು, ಬೀಜ ತೆಗೆದು, ತಟ್ಟೆಯಲ್ಲಿ ಜೋಡಿಸಿಟ್ಟಿತ್ತು. ಇಟ್ಟವರು ತಮ್ಮ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದರು. ಇನ್ನು ಹದಿನಾಲ್ಕು.

ಸೆಪ್ಟೆಂಬರ್ ೧೧, ಗುರುವಾರ

ಎರಡನೇ ಸಲ. ಬಸ್ ಆರು ಗಂಟೆಗೆ, ಅತ್ತೆ ನಾಲ್ಕೂವರೆಗೇ ತಯಾರು. ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಶಾಲು ಹೊರಗೆ ಬಂದಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರಿಗೇ ಬೇಕು.

ಇಕ್ಕಳ ದೂರದಿಂದಲೇ ಹೆಬ್ಬೆರಳೆತ್ತಿ ತೋರಿಸಿದ. ಅವನ ಅಕ್ಕ ಅತ್ತೆಯ ಮಂಡಿ ನೋಡಿ, ಕೇಳದೆಯೇ ಕಾಲು ಚಾಚಿಕೊಳ್ಳಲು ಒಂದು ಮೋಟು ಸ್ಟೂಲು ತಂದು ಹಾಕಿದಳು. ಈ ಸಲ ಒಂದು ದೂರು ಇದೆ. ಹೊಗೆ ಅತಿಯಾಗಿ ಗಂಟಲಿಗೆ ಹಿಡಿಯುತ್ತದಂತೆ. ಎಷ್ಟು ಅತಿ ಎಂದು ಕೇಳಿದರೆ, "ಮುಂದಿನ ಸಲ ನೋಡಿ ಹೇಳ್ಬೇಕು" ಎಂದರು. ತಟ್ಟೆಯಲ್ಲಿ ಚೂರೂ ಬಿಟ್ಟಿರಲಿಲ್ಲ. ಊಟ ದಂಡ ಮಾಡಬಾರದೆನ್ನುವ ಕಾಲದವರು.

ನಾನು ರುಚಿ ಇಲ್ಲದ ಕಾರಣಕ್ಕೆ ಸದ್ದು ಕೇಳುತ್ತ ಕೂತಿದ್ದೆ. ಮಾಂಸವನ್ನು ಒಲೆಯ ಮೇಲೆ ಹಾಕಿದಾಗ ಬರುವ ಚುಂಯ್ ಬೇರೆ, ತಿರುವಿ ಹಾಕಿದಾಗಿನದು ಬೇರೆ. ಎರಡನೆಯದು ಸ್ವಲ್ಪ ತಗ್ಗಿದ ದನಿ. ಹನ್ನೊಂದು ವರ್ಷದಲ್ಲಿ ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಇನ್ನು ಎಂಟೋ ಒಂಬತ್ತೋ ದಿನ.

ಸೆಪ್ಟೆಂಬರ್ ೧೮, ಗುರುವಾರ

ಹೊಗೆ ಸರಿಹೋಗಿದೆ. ಆದರೆ ಆಲೂಗಡ್ಡೆ ಮಣ್ಣು ವಾಸನೆ ಹೊಡೆಯುತ್ತಿದೆಯಂತೆ. ಈ ಅಡುಗೆಮನೆಯಲ್ಲಿ ಒಂದು ನೇರವಾದರೆ ಇನ್ನೊಂದು ಸೊಟ್ಟ. ನಿಯಮ ನಿಯಮವೇ, ಇನ್ನೊಂದು ಸಲ ಬರಬೇಕು. ಅತ್ತೆ ತೀರಾ ವಿಷಾದದಿಂದ ತಲೆಯಾಡಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಆಸ್ಪತ್ರೆಯ ಮಾತು ಬಂತು. ಕೆಲಸದಲ್ಲಿದ್ದಷ್ಟು ವರ್ಷವೂ ಅವರು ಊಟ ಮಾಡಿದ್ದು ವಾರ್ಡಿನ ಓಣಿಯಲ್ಲಿ, ಡಬ್ಬಿ ಕೈಯಲ್ಲಿ ಹಿಡಿದು, ನಿಂತುಕೊಂಡು. ಎರಡು ತುತ್ತಿಗೊಮ್ಮೆ ರೋಗಿಗಳ ಕರೆಗಂಟೆ ಹೊಡೆದುಕೊಳ್ಳುತ್ತಿತ್ತಂತೆ. ಮನೆಗೆ ಬಂದರೆ ಮಗು, ಅಡುಗೆ, ಮಾವನ ಅಂಗಿಯ ಇಸ್ತ್ರಿ. ಮಾವನವರಿಗೆ ಹೊರಗಿನ ಊಟ ಅಂದರೆ ಆಗುತ್ತಿರಲಿಲ್ಲ. "ಕೂತ್ಕೊಂಡು, ಇನ್ನೊಬ್ರು ತಂದು ಕೊಟ್ಟಿದ್ದನ್ನ ಬಿಸಿ ಆರೋ ಮುಂಚೆ ತಿಂದಿದ್ದು ಬೆರಳಲ್ಲಿ ಎಣಿಸ್ಬಹುದು ಕಣೇ" ಎಂದರು. ಗೋಳಾಡಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ಅಂಕಣಕ್ಕೆ ಇದರಿಂದ ಉಪಯೋಗವಿಲ್ಲ. ಯಾಕೋ ಬರೆದಿಟ್ಟೆ.

ಸೆಪ್ಟೆಂಬರ್ ೧೯, ಶುಕ್ರವಾರ

ಅತ್ತೆಯ ಕಟ್ಟಡದ ಕಾವಲುಗಾರ ಫೋನ್ ಮಾಡಿ ಲಿಫ್ಟ್ ಸಿದ್ಧವಾಗಿದೆ, ಬರಬಹುದು ಎಂದ. ಅತ್ತೆ ನನ್ನ ಮುಖ ನೋಡಿದರು. ಹೊಸ ಲಿಫ್ಟನ್ನು ನಂಬಬಾರದು, ನಾಲ್ಕು ಜನ ಓಡಾಡಿ ಪಳಗಲಿ ಎಂದೆ. ಅರ್ಧ ದಾರಿಯಲ್ಲಿ ನಾಲಿಗೆ ಬದಲಾಯಿಸಲಾಗುತ್ತದೆಯೇ? ಕೇವಲ ಕೆಲಸದ ದೃಷ್ಟಿಯಿಂದ ಹೇಳಿದ್ದು.

ಸೆಪ್ಟೆಂಬರ್ ೨೫, ಗುರುವಾರ

ನಾಲ್ಕನೇ ಸಲ. ಆಲೂಗಡ್ಡೆ ಚೆನ್ನಾಗಿದೆ, ಮಾಂಸ ಇನ್ನೂ ಚೆನ್ನಾಗಿದೆ. ಎಲ್ಲ ಮುಗಿದು ನಾನು ಟಿಪ್ಪಣಿ ಪುಸ್ತಕ ಮುಚ್ಚುವ ಹೊತ್ತಿಗೆ ಅತ್ತೆ ಗಂಟಲು ಸರಿಮಾಡಿಕೊಂಡು, "ಬೆಣ್ಣೆ ಸ್ವಲ್ಪ ಕಮಟು" ಎಂದರು.

ನನ್ನ ಕೈ ನಿಂತಿತು. ಕಮಟು ಬೆಣ್ಣೆ ಎಂದರೆ ಆಲೂಗಡ್ಡೆಯ ಮಣ್ಣಲ್ಲ, ಅದು ಹಳಸಿದ ಸರಕು. ಖಂಡಿತವಾ ಎಂದು ಕೇಳಿದೆ. ಅತ್ತೆ ನನ್ನ ಕಣ್ಣು ತಪ್ಪಿಸಿ ಉಪ್ಪಿನ ಡಬ್ಬಿಯನ್ನು ನೆಟ್ಟಗೆ ಮಾಡಿದರು. "ಹಾಗನ್ಸತ್ತೆ. ಮುಂದಿನ ಗುರುವಾರ ನೋಡೋಣ." ನಾನೂ ಬೆರಳಲ್ಲಿ ತೆಗೆದು ನೆಕ್ಕಿದೆ. ಜಿಡ್ಡು, ಉಪ್ಪು. ಮೂಗೆಂಬ ಮೂಗು ಗೋಡೆಯ ಮೊಳೆಯಂತೆ ಮುಖದ ಮೇಲೆ ಸುಮ್ಮನೆ ಕೂತಿತ್ತು.

ಹೊರಡುವಾಗ ಇಕ್ಕಳನ ಅಕ್ಕ ಮುಂದಿನ ವಾರ ಇದೇ ಮೇಜು ಇಟ್ಟಿರಲೇ ಎಂದು ಕೇಳಿದಳು. ನನಗೆ ಅವಳ ಮುಖ ನೋಡಲು ಕಷ್ಟವಾಯಿತು. ಅತ್ತೆ ಮಾತ್ರ ಖುಷಿಯಿಂದ ಹೂಂ ಎಂದರು.

ಸೆಪ್ಟೆಂಬರ್ ೨೯, ಸೋಮವಾರ

ಸಂಪಾದಕಿ ಗರಂ. ನಾಲ್ಕು ವಾರವಾಯಿತು, ನಾಳೆ ಬೆಳಗ್ಗೆ ಬರಹ ಮೇಜಿನ ಮೇಲೆ ಇರದಿದ್ದರೆ ಅಂಕಣವೇ ಬೇಡ ಎಂದರು. ನಿಯಮದ ಪ್ರಕಾರ ಗುರುವಾರ ಇನ್ನೊಮ್ಮೆ ಹೋಗಬೇಕಿತ್ತು. ನಾಲ್ಕು ಸಲ ಉಂಡಿದ್ದೇನೆ, ಸಾಕು ಎಂದು ಸಮಾಧಾನ ಮಾಡಿಕೊಂಡು ಕೂತು ಬರೆದೆ. ಮಾಂಸವನ್ನು ಹೊಗಳಿದೆ, ಒಲೆಯ ಎರಡು ಸದ್ದುಗಳ ಬಗ್ಗೆ ಬರೆದೆ, ಜ್ವರ ಬಿಟ್ಟ ಮಾರನೇ ದಿನದ ಹಸಿವನ್ನು ನನ್ನದೇ ಎಂಬಂತೆ ಸೇರಿಸಿದೆ. ಕೊನೆಗೆ ಬೆಣ್ಣೆ. "ಮಾಂಸವನ್ನು ಇಷ್ಟು ಬಲ್ಲವನು ಕಮಟು ಬೆಣ್ಣೆ ಬಡಿಸುತ್ತಾನೆಂದರೆ ಅದು ಅರಿಯದೆ ಆದದ್ದಲ್ಲ, ಗಿರಾಕಿಯ ಬಗೆಗಿನ ತಾತ್ಸಾರ." ಈ ಸಾಲು ಚೆನ್ನಾಗಿ ಕೂತಿತು. ಓದಿ ಓದಿ ನನಗೇ ಮೆಚ್ಚುಗೆಯಾಯಿತು.

ಅತ್ತೆಗೆ ಹೇಳಿಲ್ಲ. ಶುಕ್ರವಾರ ಅಚ್ಚಾದ ಮೇಲೆ ತೋರಿಸುತ್ತೇನೆ. ಅವರ ಮಾತು ಪತ್ರಿಕೆಯಲ್ಲಿ ನೋಡಿ ಹಿಗ್ಗಲಿ.

ಅಕ್ಟೋಬರ್ ೧, ಬುಧವಾರ

ಶುಕ್ರವಾರದವರೆಗೆ ಕಾಯಬೇಕಾಗಲಿಲ್ಲ. ತಿದ್ದಲು ಕಳಿಸಿದ ಪುಟದ ಕರಡು ಮೇಜಿನ ಮೇಲಿತ್ತು, ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಅತ್ತೆ ಭೂತಗನ್ನಡಿ ಹಿಡಿದು ಕೊನೆಯ ಸಾಲಿನ ಮೇಲೆ ನಿಂತುಬಿಟ್ಟಿದ್ದಾರೆ. ಮುಖ ಬಿಳುಚಿಕೊಂಡಿತ್ತು. ಮಂಡಿನೋವೇನೋ ಎಂದುಕೊಂಡೆ.

"ಇದು ಅಚ್ಚಾಗತ್ತಾ?"

"ಶುಕ್ರವಾರ."

"ಬೆಣ್ಣೆ ಚೆನ್ನಾಗಿತ್ತು."

ನನಗೆ ತಲೆಬುಡ ಅರ್ಥವಾಗಲಿಲ್ಲ.

"ಬೆಣ್ಣೆ ತಾಜಾ ಇತ್ತು. ಹೊಗೆನೂ ಸರಿಯಾಗಿತ್ತು, ಆಲೂಗಡ್ಡೆನೂ. ಕುಂದು ಇದ್ರೆ ಇನ್ನೊಂದ್ಸಲ ಹೋಗೋಣ ಅಂದಿದ್ಯಲ್ಲ. ಮುಂದಿನ ಗುರುವಾರ ಸರಿಹೋಗಿದೆ ಅಂತ ಹೇಳ್ತಿದ್ದೆ. ನೀನು ಹೋಗದೇ ಬರೀತೀಯ ಅಂತ ನನಗೇನು ಗೊತ್ತು?"

ಪಿತ್ತ ನೆತ್ತಿಗೇರಿತು. ಎಪ್ಪತ್ತೊಂದು ವರ್ಷದ ಹೆಂಗಸು ಒಂದು ಊಟಕ್ಕಾಗಿ ಹೀಗಾ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. "ಊಟಕ್ಕಲ್ಲ" ಎಂದಷ್ಟೇ ಹೇಳಿ ಅವರು ಭೂತಗನ್ನಡಿಯನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ, "ಆ ಸಾಲು ತೆಗೆಸು. ಆ ಮನುಷ್ಯನ ಹೊಟ್ಟೆ ಮೇಲೆ ಹೊಡೀಬೇಡ" ಎಂದರು.

ಕೋಣೆಯಲ್ಲಿ ಹತ್ತು ನಿಮಿಷ ಅತ್ತಿತ್ತ ಓಡಾಡಿದೆ. ಅತ್ತೆ ಹೇಳಿದ ಸುಳ್ಳು ಒಂದು ಮೇಜಿನ ಸುತ್ತ ಇತ್ತು. ಅದನ್ನು ನನ್ನ ಹೆಸರು ಹಾಕಿ ಊರಿಗೆಲ್ಲ ಹಂಚಹೊರಟವಳು ನಾನು, ನನ್ನದೇ ನಿಯಮ ಮುರಿದವಳೂ ನಾನು. ಸಂಪಾದಕಿಗೆ ಫೋನ್ ಮಾಡಿ ಆ ಸಾಲು ಬೇಡ ಎಂದೆ. ಅದೇ ಒಳ್ಳೆಯ ಸಾಲು, ಯಾಕೆ ತೆಗೆಯಬೇಕು, ಬೆಣ್ಣೆ ಕಮಟು ಹೌದೋ ಅಲ್ಲವೋ ಎಂದು ಕೇಳಿದರು. ಅಲ್ಲ, ನನ್ನದು ತಪ್ಪಾಯಿತು ಎಂದರೆ ಮುಗಿದುಹೋಗುತ್ತಿತ್ತು. ಬಾಯಿಯವರೆಗೂ ಬಂದಿತ್ತು.

"ನನಗೆ ಗೊತ್ತಿಲ್ಲ ಮೇಡಂ. ಏಳು ವಾರದಿಂದ ನನಗೆ ವಾಸನೆನೇ ಇಲ್ಲ" ಎಂದೆ.

ನಾಳೆ ಕಚೇರಿಗೆ ಬಾ ಎಂದು ಸಂಪಾದಕಿ ಫೋನ್ ಇಟ್ಟರು. ಅತ್ತೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಅವರನ್ನು ದಾಟಿಕೊಂಡು ಅಡುಗೆಮನೆಗೆ ಹೋದೆ.

ಅಕ್ಟೋಬರ್ ೨, ಗುರುವಾರ

ಅಂಕಣ ಹೋಯಿತು. ಸ್ಟೀಕ್‌ಹೌಸಿನ ಬರಹವಿರಬೇಕಾದ ಜಾಗದಲ್ಲಿ ಹಾಸಿಗೆ ಮಾರುವವರ ಜಾಹೀರಾತು ಬರುತ್ತದೆ. ಮುಂದಿನ ವಾರದಿಂದ ಊಟದ ಬಗ್ಗೆ ಬರೆಯುವವನು ಕ್ರೀಡಾಪುಟದ ಉಪಸಂಪಾದಕ, ಎಲ್ಲದರ ಮೇಲೂ ಟೊಮೆಟೊ ಸಾಸ್ ಸುರಿದುಕೊಳ್ಳುವ ಆಸಾಮಿ. ನನಗೆ ಪದಬಂಧ ಮತ್ತು ಹವಾಮಾನ. ಸಂಪಾದಕಿ ಕೂಗಾಡಲಿಲ್ಲ, ಹನ್ನೊಂದು ವರ್ಷದ ಮರ್ಯಾದೆಗಾದರೂ ಮೊದಲೇ ಹೇಳಬೇಕಿತ್ತು ಎಂದರು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕಚೇರಿಯ ಶೌಚಾಲಯಕ್ಕೆ ಹೋಗಿ ಚೆನ್ನಾಗಿ ಅತ್ತು ಮುಖ ತೊಳೆದುಕೊಂಡೆ.

ಕೆಳಗಿಳಿದು ಬಂದರೆ ಸ್ವಾಗತದ ಬೆಂಚಿನ ಮೇಲೆ ಅತ್ತೆ. ಎರಡು ಬಸ್ ಬದಲಾಯಿಸಿ ಬಂದಿದ್ದಾರೆ. ರೋಗಿಯ ಕಡೆಯವರಂತೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ನನ್ನಿಂದ ನಿನ್ನ ಕೆಲಸ ಹೋಯ್ತಾ?" ಎಂದರು. ಇಲ್ಲ, ಪುಟ ಬದಲಾಯಿತು ಅಷ್ಟೆ ಎಂದೆ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಬಿಟ್ಟುಕೊಟ್ಟೆ. ಈ ಗುರುವಾರ ಎಲ್ಲಿಗೂ ಹೋಗಲಿಲ್ಲ.

ಅಕ್ಟೋಬರ್ ೪, ಶನಿವಾರ

ಅತ್ತೆ ಪೆಟ್ಟಿಗೆ ಕಟ್ಟಿದ್ದಾರೆ. ಮುಲಾಮು, ರೇಡಿಯೋ, ಶಾಲು, ಎಲ್ಲ ಒಳಗೆ. ನಾಳೆ ಹೊರಡುತ್ತಾರಂತೆ. ಸರಿ ಎಂದೆ. ಹವಾಮಾನದ ಪುಟ ತಿದ್ದಲು ಕೂತರೆ ನಾಲ್ಕು ಊರುಗಳ ಉಷ್ಣಾಂಶವನ್ನು ಅದಲು ಬದಲು ಬರೆದಿದ್ದೆ. ಎದ್ದು ಹೋಗಿ ಅವರ ಕೋಣೆಯ ಬಾಗಿಲಲ್ಲಿ ನಿಂತೆ.

"ಅತ್ತೆ, ಗುರುವಾರ ಆದ್ಮೇಲೆ ಹೋಗಿ."

"ಇನ್ಯಾವ ಅಂಕಣ ಇದೆ ನಿನಗೆ?"

"ಅಂಕಣ ಇಲ್ಲ. ಆದ್ರೂ ಇರಿ."

ನನ್ನ ಮೇಜಿಗೆ ವಾಪಸು ಬಂದೆ. ಸ್ವಲ್ಪ ಹೊತ್ತಿನ ಮೇಲೆ ರೇಡಿಯೋದ ಸದ್ದು ಕೇಳಿಸಿತು. ಉಷ್ಣಾಂಶವೆಲ್ಲ ಮತ್ತೆ ಸರಿಯಾಗಿ ತುಂಬಿದೆ.

ಅಕ್ಟೋಬರ್ ೯, ಗುರುವಾರ

ಟಿಪ್ಪಣಿ ಪುಸ್ತಕ ಒಯ್ಯಲಿಲ್ಲ. ಮೇಜು ಖಾಲಿ ಇತ್ತು, ಸ್ಟೂಲೂ ಇತ್ತು. ಹೋದ ವಾರ ಯಾಕೆ ಬರಲಿಲ್ಲ ಎಂದು ಇಕ್ಕಳನ ಅಕ್ಕ ಗದರಿದಳು, ಎಂಟು ಗಂಟೆಯವರೆಗೂ ಈ ಮೇಜು ಯಾರಿಗೂ ಕೊಟ್ಟಿರಲಿಲ್ಲವಂತೆ. ಅಂಗಡಿ ಮುಕ್ಕಾಲು ತುಂಬಿತ್ತು. ಆ ಒಂದು ಸಾಲು ಅಚ್ಚಾಗಿದ್ದರೆ ಇವರಲ್ಲಿ ಎಷ್ಟು ಜನ ಇಲ್ಲಿರುತ್ತಿದ್ದರೋ.

ತಟ್ಟೆ ಬಂತು. ಇಕ್ಕಳ ಹಿಂದೆಯೇ ಬಂದು ನಿಂತ. ಅಮ್ಮ ಪ್ರತಿ ಸಲ ಏನಾದರೊಂದು ಹೇಳುತ್ತಾರೆ, ನೀವು ಮಾತ್ರ ಒಂದು ದಿನವೂ ಊಟ ಹೇಗಿದೆ ಎಂದು ಹೇಳಿಲ್ಲವಲ್ಲ ಎಂದ. ಪದ ಹುಡುಕಿದೆ. ಹನ್ನೊಂದು ವರ್ಷ ಕೂಡಿಟ್ಟ ಪದಗಳಲ್ಲಿ ಒಂದೂ ನನ್ನದೆನಿಸಲಿಲ್ಲ.

"ನನಗೆ ವಾಸನೆ ಹೋಗ್ಬಿಟ್ಟಿದೆ. ರುಚಿ ಗೊತ್ತಾಗಲ್ಲ" ಎಂದೆ.

ಅವನು ಇಕ್ಕಳವನ್ನು ನಮ್ಮ ಮೇಜಿನ ಮೇಲಿಟ್ಟ. "ಮತ್ತೆ ಇಷ್ಟು ದೂರ ಯಾಕೆ ಬರ್ತೀರಿ?"

"ಅತ್ತೆ ಜೊತೆ ಊಟ ಮಾಡೋಕೆ."

ಅವನು ಅದಕ್ಕೆ ಸರಿಯಾದ ಉತ್ತರ ಸಿಕ್ಕಿದವನಂತೆ ತಲೆಯಾಡಿಸಿ ಒಲೆಯ ಕಡೆಗೆ ಹೋದ. ಅತ್ತೆ ಅಗಿಯುವುದನ್ನು ನಿಲ್ಲಿಸಿದ್ದರು. ಆಮೇಲೆ ತಲೆ ಬಗ್ಗಿಸಿ ತಮ್ಮ ತಟ್ಟೆಯಲ್ಲಿ ಬಹಳ ಹೊತ್ತು ಏನೋ ಕತ್ತರಿಸಿದರು. ಎಲುಬಿನ ಪಕ್ಕದ ತುಂಡು, ಇದ್ದುದರಲ್ಲೆಲ್ಲ ಒಳ್ಳೆಯದು, ಬೆಣ್ಣೆ ಹಚ್ಚಿ ನನ್ನ ತಟ್ಟೆಗೆ ಹಾಕಿದರು. ಅದು ನನಗೆ ರುಚಿಸುವುದಿಲ್ಲವೆಂದು ಅವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. "ತಿನ್ನು, ಆರಿಹೋಗತ್ತೆ" ಎಂದರು. ತಿಂದೆ.